ಎತ್ತಿನಗಾಡಿಯೂ ಡ್ರೈವ್-ಇನ್ನೇ ಸ್ವಾಮಿ!

ಕಾರಿನಿಂದ ಇಳಿಯದೇ ಸಿನಿಮಾ ನೋಡೋ ಸುಖದ ಬಗ್ಗೆ ನೀವೂ ಕೇಳಿರಬಹುದು. ಅದಕ್ಕೆ ಡ್ರೈವ್-ಇನ್ ಅಂತ ಹೆಸರು. ದೊಡ್ಡ ಬಯಲು, ಎದುರಿಗೆ ಮೂರು ಮಾಳಿಗೆ ಎತ್ತರದ ಬಿಳಿ ಪರದೆ, ಸಾಲಾಗಿ ನಿಂತ ಕಾರುಗಳು. ಒಳಗೆ ಕಾಲು ಚಾಚಿಕೊಂಡು ಗಂಡ, ಹೆಂಡತಿ, ಮಕ್ಕಳು. 1933ರ ಜೂನ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಹಾಲಿಂಗ್ಸ್‌ಹೆಡ್ ಎಂಬ ಮಹಾಶಯ ಇದನ್ನು ಶುರು ಮಾಡಿದ. ಐವತ್ತರ ದಶಕದ ಕೊನೆಗೆ ಆ ದೇಶದಲ್ಲಿ ಇಂಥವು ನಾಲ್ಕು ಸಾವಿರದಷ್ಟಿದ್ದವು. ಈಗ ಉಳಿದಿರೋದು ಮುನ್ನೂರರ ಆಸುಪಾಸು. ಅವುಗಳಲ್ಲಿ ಬಹಳಷ್ಟು ಇರೋದು ಹಳ್ಳಿಗಾಡಿನಲ್ಲೇ. ಊರಾಚೆ ಜೋಳದ ಹೊಲದ ಪಕ್ಕ ಅಂತಿಟ್ಟುಕೊಳ್ಳಿ!

ನಮ್ಮ ದೇಶದಲ್ಲೂ 1973ರಲ್ಲಿ ಅಹಮದಾಬಾದಿನಲ್ಲಿ ಸನ್‌ಸೆಟ್ ಡ್ರೈವ್-ಇನ್ ಬಂತು. ಅಲ್ಲಿ ಗುಜರಾತಿ ಮಂದಿ ಏನು ಮಾಡಿದರು ಗೊತ್ತೇ? ಕಾರನ್ನು ನಿಲ್ಲಿಸಿ, ಅದರ ಮುಂದೆ ಚಾಪೆ ಹಾಸಿ, ಬುತ್ತಿ ಬಿಚ್ಚಿ ಕೂತರು. 2021ರಲ್ಲಿ ಮುಂಬೈಯ ಮಾಲ್ ಒಂದರ ತಾರಸಿ ಮೇಲೂ ಕಾರುಗಳಿಗೆ ಸಿನಿಮಾ ತೋರಿಸಲು ಶುರುಮಾಡಿದರು. ಪತ್ರಿಕೆಗಳಲ್ಲಿ ಫೋಟೋ ಬಂತು. ಬೆಂಗಳೂರಿನಲ್ಲಿರೋ ನನ್ನ ತಂಗಿಯ ಮಗ ಫೋನ್ ಮಾಡಿ, "ಮಾವ, ನೋಡಿದ್ಯಾ? ಬಯಲಲ್ಲಿ ಸಿನಿಮಾ! ಎಂಥಾ ಹೊಸಾ ಐಡಿಯಾ!" ಅಂದ.

ಹೊಸದಂತೆ! ನಾನು ನಕ್ಕುಬಿಟ್ಟೆ. ಜಗಳೂರು ಸೀಮೆಯವನಿಗೆ ಬಯಲು ಸಿನಿಮಾದ ಪಾಠ ಹೇಳ್ತಾನಲ್ಲ ಈ ಹುಡುಗ ಅಂತ.

ಗಾಡಿ ಬಿಚ್ಚಿದ ಮೇಲೆ...

ಜಗಳೂರು ಅಂದರೆ ಗೊತ್ತಲ್ಲ? ಈಗ ದಾವಣಗೆರೆ ಜಿಲ್ಲೆ. 1997ರ ತನಕ ಚಿತ್ರದುರ್ಗ ಜಿಲ್ಲೆ. ಹೊನ್ನಾಳಿ, ಚನ್ನಗಿರಿಯವರಿಗೆ ತುಂಗಭದ್ರೆ, ಭದ್ರಾ ನಾಲೆ, ಅಡಿಕೆ ತೋಟ. ನಮಗೆ ಜೋಳ, ಶೇಂಗಾ, ಕಲ್ಲು, ಬಿಸಿಲು. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಲೆನಾಡಿನ ಕಡೆ ಮಳೆಗಾಲಕ್ಕೆ ಟೆಂಟ್ ಎತ್ತುತ್ತಿದ್ದರಂತೆ. ನಮ್ಮಲ್ಲಿ ಮಳೆ ಬಂದರೆ ಜನ ಸಿನಿಮಾ ಬಿಟ್ಟು ಹೊರಗೆ ಬಂದು ಮುಖ ಎತ್ತಿ ನಿಲ್ಲುತ್ತಿದ್ದರು!

ನಾನು ಹೇಳುತ್ತಿರೋದು 1970ರ ದಶಕದ ಮಾತು. ಎರಡು ತರದ ಬಯಲು ಸಿನಿಮಾ ನಮಗಿತ್ತು. ಒಂದು ಪುಕ್ಕಟೆ ಸಿನಿಮಾ. ಸರ್ಕಾರದ ಪ್ರಚಾರದ ವ್ಯಾನು ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತಿತ್ತು. ಚಾವಡಿ ಮುಂದೆ ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಿದ್ದರು. ಕುಟುಂಬ ಯೋಜನೆ, ಮಲೇರಿಯಾ, ರಸಗೊಬ್ಬರ, ಕೊನೆಗೆ ಪುಣ್ಯವಿದ್ದರೆ ಒಂದು ಕಥಾಚಿತ್ರ. ಸುತ್ತಲ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದು, ಎತ್ತು ಬಿಚ್ಚಿ, ಮೂಕಿ ನೆಲಕ್ಕೆ ಇಳಿಸಿ, ಹುಲ್ಲಿನ ಮೇಲೆ ಕಂಬಳಿ ಹಾಸಿ, ಗಾಡಿಯಲ್ಲೇ ಕೂತು ನೋಡುತ್ತಿದ್ದರು. ಇದು ಡ್ರೈವ್-ಇನ್ ಅಲ್ಲದೇ ಮತ್ತೇನು ಸ್ವಾಮಿ? ಕಾರಿಗೆ ಪೆಟ್ರೋಲು, ಗಾಡಿಗೆ ಹುಲ್ಲು, ಅಷ್ಟೇ ವ್ಯತ್ಯಾಸ!

ಪರದೆಯ ಎರಡೂ ಕಡೆ ಜನ. ಮುಂದುಗಡೆ ಜಾಗ ಸಿಗದವರು ಹಿಂದುಗಡೆ. ಹಿಂದುಗಡೆ ಕೂತವರಿಗೆ ಎಲ್ಲವೂ ತಿರುವುಮುರುವು. ಅಕ್ಷರ ಉಲ್ಟಾ, ಹೀರೋ ಎಡಗೈಲಿ ಕತ್ತಿ ಹಿಡೀತಾನೆ, ತಾಳಿ ಕಟ್ಟುವಾಗ ಹೆಣ್ಣು ಎಡಬಲ ಅದಲುಬದಲು. ಹಾಗೆ ಹಿಂದೆ ಕೂರುತ್ತಿದ್ದವರು ಯಾರು ಅಂತ ಕೇಳಬೇಡಿ... ಊರಿನ ಚಾವಡಿ ಮುಂದೆ ಮುಂದುಗಡೆ ಜಾಗ ಯಾರದ್ದು, ಹಿಂದುಗಡೆ ಯಾರದ್ದು ಅಂತ ಯಾರೂ ಬೋರ್ಡು ಹಾಕಬೇಕಾಗಿರಲಿಲ್ಲ. ನಾವು ಕೇರಿಯ ಹುಡುಗರು. ಎಡಗೈ ಹೀರೋಗಳನ್ನೇ ನೋಡಿ ಬೆಳೆದವರು.

ಇನ್ನೊಂದು, ದುಡ್ಡಿನ ಸಿನಿಮಾ. ಟೂರಿಂಗ್ ಟಾಕೀಸು. ನಮ್ಮ ಬಾಯಲ್ಲಿ 'ಟೆಂಟು'. ನನ್ನ ಅಪ್ಪ ಆ ಟೆಂಟಿನಲ್ಲಿ ಎಂಜಿನ್ ತಿರುಗಿಸೋ ಆಳು. ಆದ್ದರಿಂದ ಈ ವಿಷಯ ಬರೆಯೋಕೆ ನನಗೆ ಸ್ವಲ್ಪ ಅಧಿಕಾರ ಇದೆ ಅಂತ ತಿಳಿದುಕೊಂಡಿದ್ದೇನೆ.

ಒಂದೇ ಮಿಷನ್ನು, ಆರು ಇಂಟರ್‌ವೆಲ್ಲು

ದಕ್ಷಿಣ ಭಾರತದಲ್ಲಿ ಈ ಸಂಚಾರಿ ಸಿನಿಮಾದ ಮೂಲಪುರುಷ ಸ್ವಾಮಿಕಣ್ಣು ವಿನ್ಸೆಂಟ್. ತಿರುಚಿನಾಪಳ್ಳಿಯ ರೈಲ್ವೆ ನೌಕರ. 1905ರಲ್ಲಿ ಡ್ಯುಪಾಂಟ್ ಎಂಬ ಫ್ರೆಂಚನಿಂದ ಪ್ರೊಜೆಕ್ಟರ್ ಮತ್ತು ಫಿಲಂ ಕೊಂಡು, ನೌಕರಿ ಬಿಟ್ಟು, ಊರೂರು ಅಲೆದ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ಅಂದರೆ ನಮ್ಮ ಭಾಷೆಯಲ್ಲಿ ಸಿನಿಮಾ ಮಾತಾಡೋಕೆ ಸುಮಾರು ಮೂವತ್ತು ವರ್ಷ ಮೊದಲೇ ಸಂಚಾರಿ ಸಿನಿಮಾ ದಕ್ಷಿಣ ಭಾರತದಲ್ಲಿ ಊರೂರು ಅಲೆಯೋಕೆ ಶುರುಮಾಡಿತ್ತು.

ನಮ್ಮ ಟೆಂಟು ಹೇಗಿತ್ತು ಅಂದರೆ, ಸುತ್ತ ಬಿದಿರು ತಡಿಕೆ, ಮೇಲೆ ತೇಪೆ ಹಾಕಿದ ಡೇರೆ ಬಟ್ಟೆ, ನೆಲಕ್ಕೆ ಹಳ್ಳದ ಮರಳು. ಮಧ್ಯೆ ಮೊಳಕಾಲೆತ್ತರದ ಅಡ್ಡಗೋಡೆ. ಈ ಕಡೆ ಗಂಡಸರು, ಆ ಕಡೆ ಹೆಂಗಸರು. ನೆಲ, ಬೆಂಚು, ಕುರ್ಚಿ ಅಂತ ಮೂರು ಕ್ಲಾಸು. ನೆಲಕ್ಕೆ 40 ಪೈಸೆ. ಮುಂದಿರೋನ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರೋದು. ಹಿಂದಿನವನೂ ಗುಡ್ಡೆ ಮಾಡ್ತಾನೆ, ಅವನ ಹಿಂದಿನವನೂ ಮಾಡ್ತಾನೆ. ಇಂಟರ್‌ವೆಲ್ ಹೊತ್ತಿಗೆ ನೆಲದ ಕ್ಲಾಸು ಕುರ್ಚಿಗಿಂತ ಎತ್ತರ!

ಬೆಳಿಗ್ಗೆ ಗಾಡಿಯಲ್ಲಿ ಮೈಕು ಕಟ್ಟಿಕೊಂಡು ಪ್ರಚಾರ. "ಇಂದೇ ನೋಡಿರಿ, ಮರೆತು ನಿರಾಶರಾಗದಿರಿ!" ಸಂಜೆ ದೀಪ ಹಚ್ಚೋ ಹೊತ್ತಿಗೆ ಘಂಟಸಾಲರ ಕಂಠದಲ್ಲಿ ತಿಮ್ಮಪ್ಪನ ಹಾಡು. ಆ ಹಾಡು ಕೇಳಿಸಿತೆಂದರೆ ಹೊಲದಲ್ಲಿದ್ದವರು ಕುಡುಗೋಲು ಕೆಳಗಿಡುತ್ತಿದ್ದರು. ಬಾಗಿಲಲ್ಲಿ ಮಂಡಕ್ಕಿ, ಮೆಣಸಿನಕಾಯಿ, ಹುರಿದ ಶೇಂಗಾ, ಗೋಲಿ ಸೋಡಾ. ಮಂಡಕ್ಕಿ ಮೆಣಸಿನಕಾಯಿ ಇಲ್ಲದ ಸಿನಿಮಾ ನಮ್ಮ ದಾವಣಗೆರೆ ಸೀಮೆಯವರಿಗೆ ಸಿನಿಮಾನೇ ಅಲ್ಲ ಬಿಡಿ.

ಆಪರೇಟರನ್ನು ನಾವೆಲ್ಲ 'ಚಾಚಾ' ಅನ್ನುತ್ತಿದ್ದೆವು. ತೆಳ್ಳನೆ ಮನುಷ್ಯ. ರಾಜ್‌ಕುಮಾರ್ ಮಾತು ಅಷ್ಟೂ ಬಾಯಿಪಾಠ. ಪ್ರೊಜೆಕ್ಟರ್ ಒಂದೇ. ಪಟ್ಟಣದ ಟಾಕೀಸಿನಲ್ಲಿ ಎರಡು ಮಿಷನ್ ಇರುತ್ತವೆ, ಒಂದು ಮುಗಿಯೋದರೊಳಗೆ ಇನ್ನೊಂದು ಶುರು. ನಮ್ಮಲ್ಲಿ ಹಾಗಿಲ್ಲ. ಲೆಕ್ಕ ಕೇಳಿ: ಫಿಲಂ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತೆ, ನಿಮಿಷಕ್ಕೆ 90 ಅಡಿ. ಎರಡೂವರೆ ತಾಸಿನ ಸಿನಿಮಾ ಅಂದರೆ ಹದಿಮೂರೂವರೆ ಸಾವಿರ ಅಡಿ. ನಾಲ್ಕು ಕಿಲೋಮೀಟರ್! ನಮ್ಮ ಹಳ್ಳಿಯಿಂದ ಬಸ್ಸು ನಿಲ್ಲೋ ಜಾಗಕ್ಕೂ ಅಷ್ಟೇ ದೂರ. ಎರಡೆರಡು ಸಾವಿರ ಅಡಿ ಒಂದೊಂದು ಸುರುಳಿಗೆ ಸುತ್ತಿದರೆ ಏಳು ಸುರುಳಿ. ಏಳು ಸುರುಳಿಗೆ ಮಧ್ಯೆ ಆರು ಸಲ ದೀಪ. ವಿಲನ್ನು ನಾಯಕಿಯ ಕೈ ಹಿಡಿದಾಗಲೇ ಸುರುಳಿ ಮುಗಿಯಬೇಕೇ? ಶಿಳ್ಳೆ, ಕೂಗು, "ಚಾಚಾ, ಬಿಡಬ್ಯಾಡ ಅವನ್ನ!" ಅಂತ ಗದ್ದಲ.

ದೀಪ ಅಂದರೆ ಬಲ್ಬಲ್ಲ ಮತ್ತೆ. ಎರಡು ಕಾರ್ಬನ್ ಕಡ್ಡಿ. ಅವುಗಳ ಮಧ್ಯೆ ಕರೆಂಟು ಹಾರಿ ಉರಿಯೋ ಬೆಂಕಿಯೇ ಬೆಳಕು. ಕಡ್ಡಿ ಸವೀತಾ ಹೋಗುತ್ತೆ. ಅಂತರ ಜಾಸ್ತಿಯಾದರೆ ಬೆಳಕು ಸಾಯುತ್ತೆ, ಕಡಿಮೆಯಾದರೆ ಅಂಟಿಕೊಳ್ಳುತ್ತೆ. ಚಾಚಾ ಒಂದು ಕೈ ಹಿಡಿಕೆ ಮೇಲೆ, ಒಂದು ಕಣ್ಣು ಕಪ್ಪು ಗಾಜಿನ ಮೇಲೆ ಇಟ್ಟೇ ಇರಬೇಕು. ಹೊರಗೆ ಡೀಸೆಲ್ ಎಂಜಿನ್. ಅದಕ್ಕೆ ನನ್ನಪ್ಪ. ಎಂಜಿನ್ ಕೆಮ್ಮಿದರೆ ಬೆಳ್ಳಿತೆರೆ ಮೇಲೆ ರಾಜಕುಮಾರರ ಮುಖ ಕಂದುತ್ತಿತ್ತು. "ಅಣ್ಣಾವ್ರ ಮುಖ ಬಾಡಿಸಬ್ಯಾಡೋ!" ಅಂತ ಒಳಗಿಂದ ಅಪ್ಪನಿಗೆ ಬೈಗುಳ. ಅಪ್ಪ ಒಂದು ಸಿನಿಮಾನೂ ಪೂರ್ತಿ ನೋಡಲಿಲ್ಲ. ಎಲ್ಲವನ್ನೂ ಕಿವಿಯಲ್ಲೇ ಕೇಳಿದ.

ಉಳಿದ ಕಾರ್ಬನ್ ತುಂಡು, ಕತ್ತರಿಸಿ ಬಿಸಾಡಿದ ಫಿಲಂ ಚೂರು ನಮ್ಮ ಆಸ್ತಿ. ಕೆಟ್ಟ ಬಲ್ಬಿಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹೊಡೆದು, ಗುಡಿಸಲ ಗೋಡೆ ಮೇಲೆ ಸಿನಿಮಾ ಬಿಡುತ್ತಿದ್ದೆವು. ಟಿಕೇಟು ಎರಡು ಶೇಂಗಾಕಾಯಿ!

ನೆಲದ ಟಿಕೇಟಿನವರು

ಪ್ರಿಂಟು ನಮ್ಮ ತನಕ ಬರೋ ಹೊತ್ತಿಗೆ ಹಣ್ಣಾಗಿರುತ್ತಿತ್ತು. ವಿತರಕರ ಭಾಷೆಯಲ್ಲಿ ಬೆಂಗಳೂರು 'ಎ' ಸೆಂಟರು, ನಂತರ 'ಬಿ' ಸೆಂಟರು, ಕೊನೆಗೆ ನಾವು 'ಸಿ'. ಗಾಂಧಿನಗರದಿಂದ ತಗಡಿನ ಪೆಟ್ಟಿಗೆ ಬಸ್ಸಿನ ಮೇಲೆ ಬರಬೇಕು. ಬಸ್ಸು ತಪ್ಪಿದರೆ ಅವತ್ತು ಹಳೇ ಚಿತ್ರವೇ ಗತಿ. ನೂರಾರು ಸಲ ಓಡಿ ಗೀರು ಬಿದ್ದ ಫಿಲಂ. ಪರದೆ ತುಂಬಾ ಸುರೀತಾ ಇರೋ ಗೆರೆಗಳನ್ನು ನಾವು 'ಮಳೆ' ಅನ್ನುತ್ತಿದ್ದೆವು. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನಲ್ಲಿ ಎರಡು ವರ್ಷ ಓಡಿ ನಮ್ಮಲ್ಲಿಗೆ ಬಂದಾಗ ಆ ಮಳೆ ಎಷ್ಟಿತ್ತೆಂದರೆ, ರಾಜೀವಪ್ಪ ಬಂಜರು ಭೂಮಿಯಲ್ಲಿ ಬಾವಿ ತೋಡೋ ದೃಶ್ಯದಲ್ಲೂ ಧಾರಾಕಾರ! ಒಬ್ಬ ಮುದುಕ ಎದ್ದು ನಿಂತು, "ಇಷ್ಟು ಮಳಿ ಬೀಳಾವಾಗ ಬಾವಿ ಯಾಕಪಾ?" ಅಂದ. ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತು. ಆಮೇಲೆ ಎಲ್ಲರೂ ಸುಮ್ಮನಾದರು. ಹೊರಗೆ ಆ ವರ್ಷ ಮಳೆ ಇರಲಿಲ್ಲ.

ಪುಟ್ಟಣ್ಣ ಕಣಗಾಲರ 'ನಾಗರಹಾವು' ಅದೇ 1972ರ ಕೊನೆಯಲ್ಲಿ ಬಿಡುಗಡೆಯಾದ ಚಿತ್ರ. ಚಿತ್ರದುರ್ಗದ ಕೋಟೆಯಲ್ಲಿ ತೆಗೆದದ್ದು. ನಮ್ಮ ಜಿಲ್ಲೆಯದೇ ಕಲ್ಲು ಬಂಡೆ ತೆರೆ ಮೇಲೆ! ಟೆಂಟಿಗೆ ಬಂದ ದಿನ ನಾಲ್ಕೂ ದಿಕ್ಕಿನಿಂದ ಗಾಡಿಗಳು. ಬಯಲ ತುಂಬಾ ಎತ್ತಿನ ಕೊರಳ ಗಂಟೆ ಸದ್ದು. ವಿಷ್ಣುವರ್ಧನ್, ಅಂಬರೀಷ್ ಇಬ್ಬರೂ ಹೊಸಬರು. ಯಾರಿವರು ಅಂತ ಕೇಳುತ್ತಾ ಒಳಗೆ ಹೋದ ಜನ ಅವರ ಹಾಗೇ ತಲೆ ಬಾಚಿಕೊಂಡು ಹೊರಗೆ ಬಂದರು.

ಇದೆಲ್ಲ ನಗೆಯ ಮಾತಾಯಿತು. ಈಗ ನಾನು ಹೇಳಬೇಕಾದ ಮಾತಿಗೆ ಬರ್ತೀನಿ.

ನಮ್ಮ ಊರಲ್ಲಿ ಆಗ ಕೇರಿಯವರಿಗೆ ಹೋಟೆಲಿನಲ್ಲಿ ಬೇರೆ ಲೋಟ. ಗುಡಿಗೆ ಹೊರಗಿನಿಂದಲೇ ಕೈ ಮುಗಿಯೋದು. ಬಾವಿ ಬೇರೆ. ಪುಕ್ಕಟೆ ಸಿನಿಮಾಕ್ಕೂ ಪರದೆಯ ಹಿಂದುಗಡೆ. ಆದರೆ ಟೆಂಟಿನಲ್ಲಿ? ನಲವತ್ತು ಪೈಸೆ ಕೊಟ್ಟರೆ ಎಲ್ಲರಿಗೂ ಒಂದೇ ಬಣ್ಣದ ಚೀಟಿ. ಗೇಟಿನವನು ಚೀಟಿ ಹರಿದು ಒಳಗೆ ಬಿಡುತ್ತಿದ್ದ, ಅಷ್ಟೇ. ಒಳಗೆ ಮರಳು. ಮರಳಿಗೆ ಮೈಲಿಗೆ ಎಲ್ಲಿಯದು? ಮೊದಮೊದಲು ಜನ ತಮ್ಮ ತಮ್ಮವರ ಗುಂಪಿನಲ್ಲೇ ಕೂರುತ್ತಿದ್ದುದು ನಿಜ. ಆದರೆ ದೀಪ ಆರಿದ ಮೇಲೆ ತಡವಾಗಿ ಬಂದವರು ಎಲ್ಲಿ ಜಾಗವೋ ಅಲ್ಲಿ ನುಗ್ಗುತ್ತಿದ್ದರು. ಹೌಸ್‌ಫುಲ್ ದಿನ ಮೈಗೆ ಮೈ. ಯಾರ ಮೊಣಕೈ ಯಾರಿಗೆ ತಾಗಿತು ಅಂತ ಕೇಳೋಕೆ ಪುರುಸೊತ್ತೆಲ್ಲಿ, ತೆರೆ ಮೇಲೆ ಪಂಢರಿಬಾಯಿ ಅಳುತ್ತಿರುವಾಗ!

ನನ್ನ ಅವ್ವ ವಾರಕ್ಕೊಂದು ಸಿನಿಮಾ ತಪ್ಪಿಸುತ್ತಿರಲಿಲ್ಲ. ಶೇಂಗಾ ಸುಲಿದ ಕೂಲಿಯಲ್ಲಿ 40 ಪೈಸೆ ಸೆರಗಿನ ಗಂಟಿಗೆ ಹೋಗುತ್ತಿತ್ತು. ಅಪ್ಪ ಟೆಂಟಿನ ಆಳಾದರೂ ಪುಕ್ಕಟೆ ಹೋಗಲು ಒಪ್ಪಳು. "ದುಡ್ಡು ಕೊಟ್ಟು ಕುಂತ್ರೆ ಏಳು ಅನ್ನಾಕೆ ಯಾರಿಗೂ ಬಾಯಿ ಬರಲ್ಲ" ಅನ್ನುತ್ತಿದ್ದಳು. ಆ ಮಾತಿನ ಅರ್ಥ ಆಗೋಕೆ ನನಗೆ ಮೀಸೆ ಬರಬೇಕಾಯಿತು.

ಟೆಂಟು ಬಿದ್ದದ್ದು ಹೇಗೆ?

ಒಬ್ಬರ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟೀವಿ ಬಂತು. ಬೆನ್ನಿಗೇ ವೀಡಿಯೋ. ಜಗಳೂರು ಪೇಟೆಯಲ್ಲಿ ಒಂದು ಕೋಣೆ, ಒಂದು ಟೀವಿ, ಒಂದು ಕ್ಯಾಸೆಟ್ಟು ಇದ್ದರೆ ಅದೂ ಒಂದು ಟಾಕೀಸು! ಪೆಟ್ಟಿಗೆ ಬಾಡಿಗೆ, ಡೀಸೆಲ್ಲು, ಕಾರ್ಬನ್ನು, ತೆರಿಗೆ, ಲೈಸೆನ್ಸು ಎಲ್ಲ ಏರಿದವು. ನಲವತ್ತು ಪೈಸೆ ಒಂದು ರೂಪಾಯಿ ಆದರೂ ಸಾಲದು. 1964ರ ಸಿನಿಮಾ ನಿಯಂತ್ರಣ ಕಾಯ್ದೆ ಪ್ರಕಾರ ಟೆಂಟಿಗೂ ಪರವಾನಗಿ ಬೇಕು. ಅದರಲ್ಲಿ ತಪ್ಪೇನಿಲ್ಲ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳು, ಸತ್ತರಲ್ಲ... ಡೇರೆ, ಬೆಂಕಿ, ಡೀಸೆಲ್ಲು ಒಂದೇ ಕಡೆ ಇರೋದು ಅಂದರೆ ಯಾರಿಗಾದರೂ ಎದೆ ಧಸಕ್ಕೆನ್ನಬೇಕಾದ್ದೇ.

1987ರಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಶುರುವಾಯಿತು. ಆ ವರ್ಷದ ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಟೆಂಟಿನ ಸಾವ್ಕಾರರು ಡೇರೆ ಬಟ್ಟೆಯನ್ನು ಕಣದ ಮೇಲೆ ಹೊದಿಸೋಕೆ ಮಾರಿದರು. ನಮ್ಮೂರಲ್ಲಿ ಆಗ ಒಂದೇ ಟೀವಿ. ದೊಡ್ಡ ಮನೆಯಲ್ಲಿ. ಯಾರ ಮನೆ ಅಂತ ಬೇಡ, ಅವರೆಲ್ಲ ಈಗ ಇಲ್ಲ. ಭಾನುವಾರ ಬೆಳಿಗ್ಗೆ ಊರಿನವರೆಲ್ಲ ಪಡಸಾಲೆಯಲ್ಲಿ ಚಾಪೆ ಮೇಲೆ. ನಮ್ಮ ಕೇರಿ ಹೆಂಗಸರು ಕಿಟಕಿಯಾಚೆ, ಬಿಸಿಲಲ್ಲಿ, ಸರಳು ಹಿಡಿದು. ಅವ್ವನೂ ಹೋದಳು. ಒಂದೇ ವಾರ. ರಾಮನನ್ನು ಸರಳಿನ ಸಂದಿಯಲ್ಲಿ ನೋಡಿ ಮನೆಗೆ ಬಂದಳು. "ಇನ್ನ ಹೋಗಲ್ಲ ಕಣಪ್ಪ" ಅಂದಳು. ಯಾಕವ್ವ ಅಂದೆ. "ಅಲ್ಲಿ ಟಿಕೇಟು ಕೊಡಲ್ಲ" ಅಂದಳು.

ಅಷ್ಟೇ. ಆಮೇಲೆ ಆಕೆ ಸಿನಿಮಾ ನೋಡಲಿಲ್ಲ. ದಾವಣಗೆರೆಗೆ ಹೋಗಿ ಬರೋಕೆ ಒಂದು ದಿನದ ಕೂಲಿ ಹೋಗುತ್ತೆ. ನಾನು ನೌಕರಿ ಸೇರಿ ಮನೆಗೆ ಟೀವಿ ತಂದೆ. ನೋಡುತ್ತಾಳೆ, ಎದ್ದು ಹೋಗುತ್ತಾಳೆ. "ಒಬ್ಬಳೇ ಅಳಾದು ಸರಿಯಾಗಲ್ಲ" ಅನ್ನುತ್ತಾಳೆ!

ಸಿನಿಮಾ ಮನೆಗೆ ಬಂತು ಅಂತ ನಾವು ಸಂಭ್ರಮಪಟ್ಟೆವು. ಆದರೆ ನಾವು ಒಬ್ಬರ ಪಕ್ಕ ಒಬ್ಬರು ಕೂರೋ ಒಂದು ಜಾಗ ಊರಿನಿಂದ ಹೊರಟುಹೋಯಿತು. ಆ ಜಾಗಕ್ಕೆ ಬದಲಿ ನಮ್ಮ ಹಳ್ಳಿಗೆ ಇನ್ನೂ ಬಂದಿಲ್ಲ.

ಅಪ್ಪು ಹೋದ ತಿಂಗಳು

ಬಂದಿಲ್ಲ ಅಂತ ಹೇಳಿದೆನಾ? ಒಂದು ರಾತ್ರಿ ಬಂದಿತ್ತು.

2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ. ಕರ್ನಾಟಕದ ಮನೆಮನೆಯಲ್ಲಿ ಸಾವಾಯಿತು. ನಮ್ಮ ಹಳ್ಳಿಯ ಹುಡುಗರು ಬಸ್ ನಿಲ್ದಾಣದಲ್ಲಿ ಫೋಟೋ ಇಟ್ಟು, ಹಾರ ಹಾಕಿ, ಹನ್ನೊಂದನೇ ದಿನ ಅನ್ನಸಂತರ್ಪಣೆ ಇಟ್ಟುಕೊಂಡರು. ಅವತ್ತು ರಾತ್ರಿ ಮದುವೆ ವೀಡಿಯೋ ತೆಗೆಯೋ ಹುಡುಗನೊಬ್ಬ ತನ್ನ ಪ್ರೊಜೆಕ್ಟರ್ ತಂದ. ಶಾಲೆ ಬಯಲಲ್ಲಿ ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟಿದರು. 2017ರ 'ರಾಜಕುಮಾರ' ಚಿತ್ರ ಹಾಕಿದರು.

ಟ್ರ್ಯಾಕ್ಟರ್ ಬಂದವು. ಎತ್ತಿನಗಾಡಿ ಈಗೆಲ್ಲಿದೆ? ಟ್ರೈಲರಿನಲ್ಲಿ ಗುಡಾರ ಹಾಸಿ ಹೆಂಗಸರು, ಮಕ್ಕಳು. ಬೈಕಿನ ಮೇಲೆ ಹುಡುಗರು. ಉಳಿದವರು ನೆಲದ ಮೇಲೆ. ನಾನು ಅವ್ವನನ್ನು ಕೈ ಹಿಡಿದು ಕರೆದುಕೊಂಡು ಹೋದೆ. ಕಣ್ಣು ಮಂಜು, ಮಂಡಿ ನೋವು. ಅವಳಿಗೆ ಪುನೀತ್ ಅಲ್ಲ, 'ಲೋಹಿತ'. ಟೆಂಟಿನ ಕಾಲದಲ್ಲಿ ಆ ಹುಡುಗನನ್ನು ಮಾಸ್ಟರ್ ಲೋಹಿತ್ ಅಂತ ತಾನೇ ಕರೆಯುತ್ತಿದ್ದುದು? 'ಭಾಗ್ಯವಂತ', 'ಚಲಿಸುವ ಮೋಡಗಳು' ನೋಡಿದ್ದಳು. "ನಮ್ಮ ಕಣ್ಣ ಮುಂದೆ ಬೆಳದ ಕೂಸು" ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು.

ಅವ್ವ ಯಾರನ್ನೂ ಕೇಳದೇ ನಡೆದುಹೋಗಿ ಪರದೆಯ ಮುಂದುಗಡೆ, ಹೆಂಗಸರ ನಡುವೆ ಕೂತಳು. ಒಂದು ಪಕ್ಕ ನಮ್ಮ ಕೇರಿಯವಳು. ಇನ್ನೊಂದು ಪಕ್ಕ ಆ ದೊಡ್ಡ ಮನೆಯ ಸೊಸೆ. ಅವರಿಗೂ ಈಗ ತಲೆ ನರೆತಿದೆ. ಚಿತ್ರದಲ್ಲಿ ವೃದ್ಧಾಶ್ರಮದ ದೃಶ್ಯ ಬಂದಾಗ ಮೂವರೂ ಒಟ್ಟಿಗೆ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದನ್ನು ನಾನು ಬೈಕಿಗೆ ಒರಗಿ ನಿಂತು ನೋಡಿದೆ. ಹುಡುಗರೆಲ್ಲ ಸಿನಿಮಾ ನೋಡುತ್ತಿದ್ದರು. ನಾನು ನೋಡಿದ್ದು ಇದನ್ನೇ.

ಹಾಗಂತ ಊರಿನ ಕಷ್ಟವೆಲ್ಲ ಒಂದು ರಾತ್ರಿಯಲ್ಲಿ ಕರಗಿಹೋಯಿತು ಅಂತ ಸಿನಿಮಾ ಕ್ಲೈಮ್ಯಾಕ್ಸ್ ತರ ಬರೆಯೋಲ್ಲ. ಬೆಳಿಗ್ಗೆ ಎಲ್ಲರೂ ಅವರವರ ಬೀದಿಯಲ್ಲೇ ಇದ್ದರು. ಆದರೆ ಕೂತದ್ದು ಸುಳ್ಳಲ್ಲ.

ಪೆಟ್ಟಿಗೆ ಹೋಗಿ ಬೀಗ ಬಂತು

ಹಾಗಾದರೆ ತಿಂಗಳಿಗೊಂದು ಚಿತ್ರ ಹೀಗೇ ತೋರಿಸಬಹುದಲ್ಲ ಅನ್ನುತ್ತೀರಿ. ನಮ್ಮ ಹುಡುಗರೂ ಅದನ್ನೇ ಅಂದರು. ಕಾಯ್ದೆ ಪ್ರಕಾರವೇ ಮಾಡೋಣ, ದುಡ್ಡು ಕೊಟ್ಟು ಮಾಡೋಣ ಅಂದೆ ನಾನು. ಅಲ್ಲಿ ಶುರುವಾಯಿತು ನೋಡಿ ತೊಡಕು.

ಹಿಂದೆ ಪೆಟ್ಟಿಗೆ ಇತ್ತು. ಲೈಸೆನ್ಸ್ ಇರೋ ಯಾವ ಬಡಪಾಯಿ ಟೆಂಟಿನವನಾದರೂ ವಿತರಕರ ಹತ್ತಿರ ಹೋಗಿ, ಬಾಡಿಗೆ ಕೊಟ್ಟು, ಹಳೇ ಪ್ರಿಂಟು ಹೊತ್ತು ತರಬಹುದಿತ್ತು. ಈಗ ಪ್ರಿಂಟೇ ಇಲ್ಲ. ಹೊಸ ಚಿತ್ರ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದಿಂದಲೋ ಬರುತ್ತೆ. ಅದಕ್ಕೊಂದು ಗುಪ್ತ ಬೀಗ. ಬೀಗದ ಕೈ ಇಂಥಾ ಟಾಕೀಸಿಗೆ, ಇಂಥಾ ದಿನದಿಂದ ಇಂಥಾ ದಿನದವರೆಗೆ ಅಂತ ಲೆಕ್ಕ ಹಾಕಿ ಕೊಡುತ್ತಾರೆ. ಕಳ್ಳತನ ತಡೆಯೋಕೆ ಬೇಕಾದ್ದೇ, ಒಪ್ಪಿದೆ. ಆದರೆ ಆ ಬೀಗ ತೆರೆಯೋ ಯಂತ್ರದ ಬೆಲೆ ಹಳ್ಳಿಯ ಬಯಲಿಗೆ ಎಟುಕದು. ಹಳೇ ಚಿತ್ರ ಕೇಳಿದರೆ ಹಕ್ಕು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಮಾರಾಟವಾಗಿರುತ್ತೆ. ಒಬ್ಬರು ಟೀವಿಯವರನ್ನು ಕೇಳಿ ಅಂದರು. ಇನ್ನೊಬ್ಬರು ಇಷ್ಟು ಸಣ್ಣ ವ್ಯವಹಾರಕ್ಕೆ ಕಾಗದ ಮಾಡೋಕಾಗಲ್ಲ ಅಂದರು. ದುಡ್ಡು ಕೊಡ್ತೀನಿ ಅಂದರೂ ತಗೊಳ್ಳೋರಿಲ್ಲ!

ಇತ್ತ ಪೇಟೆಯ ಟಾಕೀಸುಗಳು ಒಂದೊಂದೇ ಕಲ್ಯಾಣ ಮಂಟಪ, ಗೋಡೌನು ಆಗುತ್ತಿವೆ. ಅತ್ತ ಮಾಲಿನ ಪರದೆಯ ಟಿಕೇಟು ಒಂದು ಸಂಸಾರಕ್ಕೆ ದುಬಾರಿ. ಮಧ್ಯದಲ್ಲಿ ನೆಲದ ಕ್ಲಾಸಿನವರು ಎಲ್ಲಿಗೆ ಹೋಗಬೇಕು?

ಬೇರೆ ಕಡೆ ಈ ಪ್ರಯತ್ನ ಸತ್ತಿಲ್ಲ. ಮಹಾರಾಷ್ಟ್ರದ ಜಾತ್ರೆಗಳಲ್ಲಿ ಲಾರಿ ಮೇಲೆ ಪ್ರೊಜೆಕ್ಟರ್ ಹೇರಿಕೊಂಡು ಓಡಾಡೋ ಟೂರಿಂಗ್ ಟಾಕೀಸಿನವರ ಬಗ್ಗೆ 2016ರಲ್ಲಿ 'ದಿ ಸಿನಿಮಾ ಟ್ರಾವೆಲರ್ಸ್' ಎಂಬ ಸಾಕ್ಷ್ಯಚಿತ್ರವೇ ಬಂದು, ಕಾನ್ ಉತ್ಸವದ ತನಕ ಹೋಯಿತು. 2021ರಲ್ಲಿ ಲಡಾಖಿನ ಲೇಹ್‌ನಲ್ಲಿ, ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ, ಗಾಳಿ ತುಂಬಿ ಉಬ್ಬಿಸೋ ಟೆಂಟಿನಲ್ಲಿ ಸಿನಿಮಾ ತೋರಿಸಿದರು. ಬಿಚ್ಚಿ ಮಡಚಿ ಲಾರಿಗೆ ಹಾಕಿದರೆ ಮುಂದಿನ ಊರು! ಹಿಮದ ಬೆಟ್ಟಕ್ಕೆ ಹತ್ತಿದ ಟೆಂಟು ಜಗಳೂರಿನ ಬಯಲಿಗೆ ಇಳಿಯಲಾರದೇ?

ಚಿತ್ರೋದ್ಯಮಕ್ಕೆ ಒಂದು ಅರಿಕೆ

ನಮ್ಮ ಕಡೆ ಜನ ಸೇರೋ ಜಾಗಕ್ಕೆ ಕೊರತೆ ಇಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಇದೆ, ಕೊಟ್ಟೂರು ಗುರುಬಸವೇಶ್ವರನ ತೇರು ಇದೆ, ಊರೂರಿಗೆ ಗಣಪತಿ ಇದೆ. ಕ್ರಿಕೆಟ್ ಫೈನಲ್ ಬಂದರೆ ಹಳ್ಳಿಯಲ್ಲೂ ದೊಡ್ಡ ಪರದೆ ಎದ್ದು ನಿಲ್ಲುತ್ತೆ. ಚೆಂಡು ನೋಡೋಕೆ ಬಯಲಲ್ಲಿ ಕೂರೋ ಜನ ಕನ್ನಡ ಚಿತ್ರ ನೋಡೋಕೆ ಕೂರೋದಿಲ್ಲವೇ?

ನಿರ್ಮಾಪಕರೇ, ವಿತರಕರೇ, ನಿಮ್ಮ ಚಿತ್ರ ಟಾಕೀಸಿನಲ್ಲಿ ಓಡಿ, ಫೋನಿನಲ್ಲಿ ಓಡಿ, ಟೀವಿಯಲ್ಲಿ ಓಡಿ ಸುಸ್ತಾದ ಮೇಲೆ, ಒಂದು ಸಣ್ಣ ಬಾಡಿಗೆಗೆ ಬಯಲಿಗೆ ಬಿಡಿ. ಒಂದು ಕಡೆ ಅರ್ಜಿ, ಒಂದು ಕಡೆ ದುಡ್ಡು, ಒಂದು ರಾತ್ರಿಗೆ ಒಪ್ಪಿಗೆ. 'ಸಿ' ಸೆಂಟರಿನ ಪೆಟ್ಟಿಗೆ ಬಾಡಿಗೆ ಹಿಂದೆ ಹೇಗೆ ಇತ್ತೋ ಹಾಗೆ. ನಿಮಗೆ ಅದರಿಂದ ಬಂಗಲೆ ಕಟ್ಟೋಕಾಗಲ್ಲ, ನಿಜ. ಆದರೆ ಇದೇ 'ಸಿ' ಸೆಂಟರಿನ ಚಿಲ್ಲರೆ ಕಾಸು ಕೂಡಿಸಿಯೇ ಕನ್ನಡ ಚಿತ್ರರಂಗ ಕಾಲೂರಿ ನಿಂತದ್ದು ಅನ್ನೋದನ್ನ ಮರೆಯಬೇಡಿ. ಸರ್ಕಾರದವರೇ, ಬೆಂಕಿ ಆರಿಸೋ ವ್ಯವಸ್ಥೆ ನೋಡಿ, ವೈರಿಂಗ್ ನೋಡಿ, ಆಮೇಲೆ ಜಾತ್ರೆಯ ನಾಲ್ಕು ದಿನಕ್ಕೆ ಸುಲಭದಲ್ಲಿ ಪರವಾನಗಿ ಕೊಡಿ. ಈಗಿನ ಪ್ರೊಜೆಕ್ಟರಿನಲ್ಲಿ ಕಾರ್ಬನ್ ಬೆಂಕಿ ಇಲ್ಲ, ಬಯಲಿಗೆ ಡೇರೆಯೂ ಬೇಕಿಲ್ಲ.

ಮತ್ತೆ ಒಂದು ಮಾತು. ಪುಕ್ಕಟೆ ಬೇಡ. ಟಿಕೇಟು ಇರಲಿ. ಹತ್ತು ರೂಪಾಯಿ ಆದರೂ ಸರಿ, ಇರಲಿ. ಪುಕ್ಕಟೆ ಸಿನಿಮಾದಲ್ಲಿ ಯಾರು ಮುಂದೆ, ಯಾರು ಹಿಂದೆ ಅಂತ ಊರೇ ತೀರ್ಮಾನ ಮಾಡಿಬಿಡುತ್ತೆ. ಟಿಕೇಟಿನ ಸಿನಿಮಾದಲ್ಲಿ ಚೀಟಿ ತೀರ್ಮಾನ ಮಾಡುತ್ತೆ. ಇದು ಅರ್ಥಶಾಸ್ತ್ರ ಓದಿದವರ ಮಾತಲ್ಲ, ಶೇಂಗಾ ಸುಲಿದವಳ ಮಾತು.

ಹುಡುಗರು ಸುಮ್ಮನೆ ಕೂತಿಲ್ಲ. ಚಂದಾ ಎತ್ತಿ ಹದಿನೆಂಟು ಅಡಿ ಅಗಲದ ಒಳ್ಳೇ ಪರದೆ ಹೊಲಿಸಿದ್ದಾರೆ. ಹಕ್ಕಿನ ವಿಚಾರವಾಗಿ ಮೂರು ಕಡೆ ಕಾಗದ ಬರೆದಿದ್ದೇವೆ. ಒಂದು ಕಡೆಯಿಂದ "ಪರಿಶೀಲಿಸುತ್ತೇವೆ" ಅಂತ ಉತ್ತರ ಬಂದಿದೆ. ಚಾಚಾ ಈಗಿಲ್ಲ. ಅವರ ಮಗ ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಪ್ರೊಜೆಕ್ಟರ್ ಕೆಟ್ಟರೆ ನಾನೇ ಬರ್ತೀನಿ ಅಂದಿದ್ದಾರೆ. ಅವ್ವ ದಿನಾ ಸಂಜೆ ಕೇಳುತ್ತಾಳೆ, ಸಿನಿಮಾ ಯಾವತ್ತು ಅಂತ. ಯಾವ ಚಿತ್ರ ಬೇಕವ್ವ ಅಂದರೆ, "ಯಾವ್ದಾದ್ರೂ ಹಾಕ್ರಪ್ಪ, ಜನ ಬರಂಗಿರಬೇಕು" ಅನ್ನುತ್ತಾಳೆ.

ನಿಮ್ಮ ಊರಿನಲ್ಲೂ ಒಂದು ಬಯಲಿರಬೇಕಲ್ಲ ಓದುಗರೇ? ಒಂದು ಸಲ ಯೋಚನೆ ಮಾಡಿ ನೋಡಿ.